ಕೋಠಿಯ ತಂತಿ, 20 ಮೀಟರ್

ಹೈದರಾಬಾದಿನ ಕೋಠಿಗೆ ಆ ಹೆಸರು ಬಂದದ್ದು ಬ್ರಿಟಿಷ್ ರೆಸಿಡೆಂಟರ ಬಂಗಲೆಯಿಂದ. 19ನೆಯ ಶತಮಾನದ ಆರಂಭದಲ್ಲಿ ಜೇಮ್ಸ್ ಅಕಿಲೀಸ್ ಕರ್ಕ್‌ಪ್ಯಾಟ್ರಿಕ್ ಕಟ್ಟಿಸಿದ ಆ ಕಂಬಗಳ ಮಹಲಿನಲ್ಲಿ ಆಮೇಲೆ ಮಹಿಳಾ ಕಾಲೇಜು ನಡೆಯಿತು. ಅದರಿಂದ ನಡೆದು ಹೋಗುವಷ್ಟು ದೂರದಲ್ಲಿ ಗುಜರಾತಿ ಗಲ್ಲಿ. ರೆಸಿಸ್ಟರು, ಕನೆಕ್ಟರು, ಕೇಬಲ್ಲು, ಬ್ಯಾಟರಿ ಎಲ್ಲ ಅಲ್ಲಿ ಸಿಗುತ್ತವೆ. ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್‌ಗಳು, ಬಯಲಿಗೆ ಒಯ್ಯುವ ಆಂಟೆನಾಕ್ಕೆ ಬೇಕಾದ ಬಹುಪಾಲು ಸಾಮಾನು ಇಂಥ ಒಂದು ಗಲ್ಲಿಯಲ್ಲೇ ಮುಗಿಯುತ್ತದೆ. ಉಳಿದದ್ದು ಹಗ್ಗ, ಕಲ್ಲು ಮತ್ತು ಒಂದು ಮರ.

ಲೆಕ್ಕ ಸುಲಭ. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1 ಮೆಗಾಹರ್ಟ್ಸ್‌ಗೆ ಅದು ಸುಮಾರು 42 ಮೀಟರ್. ಅದರ ಅರ್ಧ 21. ತಂತಿಯ ತುದಿಗಳ ಪರಿಣಾಮಕ್ಕೆಂದು ನೂರಕ್ಕೆ ಐದರಷ್ಟು ಬಿಟ್ಟರೆ 20 ಮೀಟರ್. ಈ ತಂತಿಯನ್ನು ನಡುವೆ ಕತ್ತರಿಸಿ, ಕೇಬಲ್ ಜೋಡಿಸಿ, ಮರಕ್ಕೆ ಎಳೆದು ಕಟ್ಟಿದರೆ ಡೈಪೋಲ್ ಸಿದ್ಧ. 1880ರ ದಶಕದಲ್ಲಿ ಹರ್ಟ್ಸ್ ತನ್ನ ಪ್ರಯೋಗಶಾಲೆಯಲ್ಲಿ ಬಳಸಿದ್ದೂ ಮೂಲತಃ ಇದನ್ನೇ. ನಡುವೆ ಕತ್ತರಿಸದೆ ತುದಿಯಿಂದಲೇ ವಿದ್ಯುತ್ತು ಕೊಡುವ ಬಗೆಯೊಂದಿದೆ. ಅದಕ್ಕೆ ಇಂದಿಗೂ ‘ಜೆಪ್’ ಎಂಬ ಹೆಸರು. ಜೆಪ್ಪೆಲಿನ್ ವಾಯುನೌಕೆಗಳು ಹಾರುವಾಗ ಬಾಲದಂತೆ ಇಳಿಬಿಡುತ್ತಿದ್ದ ತಂತಿಯ ನೆನಪು ಅದು. ಒಂದೇ ಮರ ಸಿಕ್ಕ ಕಡೆ ಇದೇ ಅನುಕೂಲ.

ನಮ್ಮ ಭಾಗದಲ್ಲಿ ರೇಡಿಯೋ ಕಥೆ ಶುರುವಾಗುವುದೇ ಸರ್ಕಾರದ ಹೊರಗೆ. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಅವರ ಪ್ರೇಷಕದ ಶಕ್ತಿ 30 ವ್ಯಾಟ್, ಇಂದಿನ ಒಂದು ಸಾಧಾರಣ ಹ್ಯಾಮ್ ಯಂತ್ರಕ್ಕಿಂತ ಕಡಿಮೆ. ಹೈದರಾಬಾದಿನಲ್ಲೂ ಖಾಸಗಿಯವರು ಹಚ್ಚಿದ ಕೇಂದ್ರವೇ ಮುಂದೆ ನಿಜಾಮ ಸರ್ಕಾರದ ಡೆಕ್ಕನ್ ರೇಡಿಯೋ ಆಯಿತು.

1939ರಲ್ಲಿ ಯುದ್ಧ ಬಂತು. ಸರ್ಕಾರ ಹವ್ಯಾಸಿಗಳ ಪರವಾನಗಿ ರದ್ದು ಮಾಡಿ ಪ್ರೇಷಕಗಳನ್ನು ಒಪ್ಪಿಸಿಕೊಂಡಿತು. ಮೂರು ವರ್ಷದ ಮೇಲೆ, 1942ರ ಆಗಸ್ಟ್ 27ರಂದು, ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಸಂಗಡಿಗರ ಕಾಂಗ್ರೆಸ್ ರೇಡಿಯೋ ಮಾತಾಡತೊಡಗಿತು. ಅವರು ಘೋಷಿಸಿದ ಅಲೆಯ ಉದ್ದ 42.34 ಮೀಟರ್. ಮೆಗಾಹರ್ಟ್ಸ್‌ಗೆ ತಿರುಗಿಸಿದರೆ 7.08ರ ಆಸುಪಾಸು, ಅಂದರೆ ಇಂದಿನ ಹ್ಯಾಮ್‌ಗಳು ಭಾನುವಾರ ಬೆಳಿಗ್ಗೆ ಹರಟೆ ಹೊಡೆಯುವ ಪಟ್ಟಿ. ನಾನು ಇದನ್ನು ಲೆಕ್ಕ ಹಾಕಿ ನೋಡಿದ ದಿನ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಆ ಅಲೆಗೆ ಅರ್ಧ ಅಲೆಯ ಡೈಪೋಲ್ ಕಟ್ಟಿದರೆ ಅದೂ ಇದೇ 20 ಮೀಟರ್. ಪೊಲೀಸರ ಪತ್ತೆಗಾಡಿಗಳಿಂದ ತಪ್ಪಿಸಿಕೊಳ್ಳಲು ಅವರು ಮನೆಯಿಂದ ಮನೆಗೆ ಕೇಂದ್ರ ಬದಲಿಸುತ್ತಿದ್ದರು. ಪ್ರತಿ ಸಲವೂ ಇಳಿಸಿ, ಸುತ್ತಿ, ಮತ್ತೆ ಏರಿಸಬೇಕು. ನವೆಂಬರ್ 12ರಂದು ಸಿಕ್ಕಿಬಿದ್ದರು.

ಸ್ವಾತಂತ್ರ್ಯಾನಂತರ ಪರವಾನಗಿ ಮರಳಿ ಬಂದರೂ ಯಂತ್ರ ಸಿಗುವುದು ಕಷ್ಟವಿತ್ತು. ಯುದ್ಧದ ಹಳೆಯ ಸಾಮಾನು ಬಿಚ್ಚಿ ಕಟ್ಟಿಕೊಂಡವರೇ ಹೆಚ್ಚು. 1983ರಲ್ಲಿ ಹೈದರಾಬಾದಿನಲ್ಲಿ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಅಮೆಚೂರ್ ರೇಡಿಯೋ ಶುರುವಾಯಿತು.

ಅದೇ ಸಂಸ್ಥೆಯ ಭಾರತಿ ಪ್ರಸಾದ್ 2004ರ ಡಿಸೆಂಬರಿನಲ್ಲಿ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರಿಗೆ ಹೋದರು. ಅಂಡಮಾನಿನಿಂದ ಹ್ಯಾಮ್ ದನಿ ಕೇಳಿ ಬಹಳ ವರ್ಷಗಳಾಗಿದ್ದವು. ಹಾಗಾಗಿ ವಿಯು4ಆರ್‌ಬಿಐ ಎಂಬ ಅವರ ಸಂಕೇತಕ್ಕೆ ಲೋಕವೆಲ್ಲ ಮುಗಿಬಿದ್ದಿತ್ತು. ಎಲ್ಲ ಬರೀ ಹವ್ಯಾಸ, ಸಂಪರ್ಕ ಎಣಿಸುವ ಆಟ. 26ರ ಬೆಳಿಗ್ಗೆ ಆರೂವರೆಯ ಹೊತ್ತಿಗೆ ನೆಲ ನಡುಗಿತು, ಆಮೇಲೆ ಸಮುದ್ರ ಬಂತು. ಕರೆಂಟು, ಫೋನು ಎರಡೂ ಹೋದವು. ಆಟಕ್ಕೆ ತಂದಿದ್ದ ಯಂತ್ರಗಳು ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸತೊಡಗಿದವು. ತಮ್ಮವರು ಬದುಕಿದ್ದಾರೆಯೇ ಎಂದು ಕೇಳುವವರಿಗೆ ಉತ್ತರ ಹೋಗುತ್ತಿದ್ದದ್ದೂ ಅದೇ ದಾರಿಯಲ್ಲಿ. ವಾಯುನೆಲೆಯೇ ಕೊಚ್ಚಿಹೋಗಿದ್ದ ಕಾರ್ ನಿಕೋಬಾರಿನಲ್ಲೂ ಹ್ಯಾಮ್ ಕೇಂದ್ರ ಎದ್ದಿತು.

ಇಲ್ಲಿ ಆಂಟೆನಾದ ಒಂದು ಸೂಕ್ಷ್ಮ ಹೇಳಲೇಬೇಕು. ಪೋರ್ಟ್ ಬ್ಲೇರಿನಿಂದ ಕಾರ್ ನಿಕೋಬಾರ್ ಸುಮಾರು 270 ಕಿ.ಮೀ. ಕೈಯಲ್ಲಿ ಹಿಡಿಯುವ ವಿಎಚ್‌ಎಫ್ ಸೆಟ್ಟುಗಳಿಗೆ ಭೂಮಿಯ ಬಾಗು ಅಡ್ಡ. 14 ಮೆಗಾಹರ್ಟ್ಸ್‌ನ ಅಲೆ ಆಕಾಶದಿಂದ ಪುಟಿದು ಬರುವಾಗ ಇಷ್ಟು ಹತ್ತಿರದ ಊರನ್ನು ಸಾಮಾನ್ಯವಾಗಿ ದಾಟಿಯೇ ಹೋಗುತ್ತದೆ. ಇಂಥ ನಡುದೂರಕ್ಕೆ ಒದಗುವುದು 7 ಮೆಗಾಹರ್ಟ್ಸ್‌ನ ತಂತಿ, ಅದೂ ತಗ್ಗಾಗಿ ಕಟ್ಟಿದ್ದು. ನೆಲದಿಂದ ಐದಾರು ಮೀಟರ್ ಎತ್ತರದ ಡೈಪೋಲ್ ಅಲೆಯನ್ನು ಬಹುಪಾಲು ನೆತ್ತಿಯ ಮೇಲಕ್ಕೆ ಎಸೆಯುತ್ತದೆ. ಅಯಾನುಮಂಡಲಕ್ಕೆ ತಾಗಿ ಅದು ಕೊಡೆ ಬಿಚ್ಚಿದಂತೆ ಸುತ್ತಲ ಕೆಲವು ನೂರು ಕಿ.ಮೀ. ಮೇಲೆ ಇಳಿಯುತ್ತದೆ. ಎತ್ತರದ ಗೋಪುರ ಇಲ್ಲವೆಂದು ಕೊರಗುವ ಹೊಸಬರು ಇದನ್ನು ನಂಬುವುದೇ ಇಲ್ಲ. ಪ್ರವಾಹ ಬಂದ ಜಿಲ್ಲೆಯೊಂದಕ್ಕೆ ಗೋಪುರಕ್ಕಿಂತ ಬಟ್ಟೆ ಒಣಹಾಕುವ ಹಗ್ಗದಂತೆ ಕಟ್ಟಿದ ತಂತಿಯೇ ಹೆಚ್ಚು ಉಪಯೋಗಿ.

ಪರೀಕ್ಷೆ ಬರೆದು ಕೇಂದ್ರ ಸರ್ಕಾರದ ಪರವಾನಗಿ ಪಡೆಯದೆ ಪ್ರೇಷಕಕ್ಕೆ ಕೈ ಹಚ್ಚುವಂತಿಲ್ಲ. ಕೇಳಲು ಮಾತ್ರ ತಂತಿ ಕಟ್ಟಿಕೊಳ್ಳಬಹುದು, ಅಭ್ಯಾಸಕ್ಕೆ ಅದೇ ಒಳ್ಳೆಯದು. ಗುಜರಾತಿ ಗಲ್ಲಿಗೆ ಹೋದವರು 20 ಮೀಟರ್ ಬೇಕಿದ್ದರೂ 22 ಅಳೆಸಿಕೊಳ್ಳಿ. ತುದಿಗಳನ್ನು ಮಡಚಿ ಗಂಟು ಹಾಕಲು ತಂತಿ ಹೆಚ್ಚು ಬೇಕಾಗುತ್ತದೆ, ಉಳಿದದ್ದನ್ನು ಮರದ ಕೆಳಗೆ ನಿಂತೇ ಕತ್ತರಿಸಬಹುದು.