ಬಳ್ಳಾರಿಯ ಬರ, ಲಂಡನ್ನಿನ ಗೆರೆ

1877ರ ಅಕ್ಟೋಬರ್. ಲಂಡನ್ನಿನ ‘ದಿ ಗ್ರಾಫಿಕ್’ ವಾರಪತ್ರಿಕೆಯಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯ ಇಬ್ಬರು ಮಕ್ಕಳ ಚಿತ್ರ ಬಂತು. ಬರಗಾಲದಲ್ಲಿ ದಿಕ್ಕಿಲ್ಲದೆ ಉಳಿದ ಮಕ್ಕಳು. ಅದೇ ತಿಂಗಳು ‘ಇಲಸ್ಟ್ರೇಟೆಡ್ ಲಂಡನ್ ನ್ಯೂಸ್’ನಲ್ಲಿ ಬೆಂಗಳೂರಲ್ಲಿ ಪರಿಹಾರಕ್ಕೆ ಕಾದು ಕೂತ ಜನರ ಚಿತ್ರ. ಎರಡೂ ಈಗ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ಮೊಬೈಲ್‌ನಲ್ಲಿ ತೆರೆದು, ಎರಡು ಬೆರಳಿಂದ ಹಿಗ್ಗಿಸಿ ನೋಡಿ. ದೂರಕ್ಕೆ ಬೂದು ನೆರಳಾಗಿ ಕಂಡದ್ದೆಲ್ಲ ಹತ್ತಿರದಲ್ಲಿ ಬರೀ ಕಪ್ಪು ಗೆರೆ.

ಅಚ್ಚಿನ ಯಂತ್ರಕ್ಕೆ ಇದ್ದದ್ದು ಒಂದೇ ಮಸಿ, ಕಪ್ಪು. ಬೂದು ಬೇಕೆಂದರೆ ಗೆರೆಯಲ್ಲೇ ಹುಟ್ಟಿಸಬೇಕು. ಗೆರೆ ದೂರ ದೂರ ಇದ್ದರೆ ತೆಳು ನೆರಳು, ಒತ್ತಾಗಿದ್ದರೆ ದಟ್ಟ. ಅದರ ಮೇಲೆ ಓರೆಯಾಗಿ ಇನ್ನೊಂದು ಸಾಲು ಎಳೆದರೆ ಕತ್ತಲೆ. ಇದಕ್ಕೇ ಕ್ರಾಸ್ ಹ್ಯಾಚಿಂಗ್ ಅನ್ನುತ್ತಾರೆ. ಜರ್ಮನಿಯ ಆಲ್ಬ್ರೆಕ್ಟ್ ಡ್ಯೂರರ್ 1500ರ ಹೊತ್ತಿಗೇ ತಾಮ್ರದ ತಗಡಿನಲ್ಲಿ ಇದನ್ನು ಪಳಗಿಸಿದ್ದ. ಒಳಸೇರಿದ ಕೆನ್ನೆ, ಎದ್ದ ಪಕ್ಕೆಲುಬು ಎಲ್ಲ ಈ ಗೆರೆಯ ಲೆಕ್ಕವೇ.

ಪೆನ್ನಿನಲ್ಲಿ ಇದು ಸಲೀಸು. ಆದರೆ ಆ ಕಾಲದ ಪತ್ರಿಕೆಯ ಚಿತ್ರ ಗಟ್ಟಿ ಮರದ ತುಂಡಿನಲ್ಲಿ ಕೆತ್ತಿದ್ದು. ರಬ್ಬರ್ ಸ್ಟ್ಯಾಂಪಿನ ಹಾಗೆ, ಉಬ್ಬಿದ್ದಕ್ಕೆ ಮಸಿ ಹತ್ತುತ್ತದೆ, ಕೊರೆದದ್ದು ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ಕಪ್ಪು ಗೆರೆಗಳು ಒಂದನ್ನೊಂದು ದಾಟಬೇಕಾದರೆ ನಡುವಿನ ಒಂದೊಂದೇ ಬಿಳಿ ಕಿಂಡಿಯನ್ನು ಕೆತ್ತಿ ತೆಗೆಯಬೇಕು. ಎಳ್ಳುಕಾಳಿಗಿಂತ ಸಣ್ಣ ಕಿಂಡಿ! ದೊಡ್ಡ ಚಿತ್ರವಾದರೆ ಮರವನ್ನು ತುಂಡುತುಂಡಾಗಿ ಹಲವು ಕೆತ್ತನೆಗಾರರಿಗೆ ಹಂಚಿ, ಆಮೇಲೆ ಬೋಲ್ಟ್ ಹಾಕಿ ಜೋಡಿಸುತ್ತಿದ್ದರು. ಕಾಲು ಕೆತ್ತಿದವನ ಕೈಗೆ ಮುಖ ಸಿಗದೇ ಹೋಗಬಹುದಿತ್ತು.

ಆ ನೆರಳಿನಲ್ಲಿ ಬಳ್ಳಾರಿಯದೆಷ್ಟು, ಲಂಡನ್ನಿನ ಕೈಚಳಕ ಎಷ್ಟು? ಬಿಡಿಸಿ ಹೇಳುವುದು ಕಷ್ಟ. ಆದರೂ ಗೆರೆ ಹೆಚ್ಚು ಮಾಡಿ ಹೇಳಿದೆ ಎಂದು ನನಗನ್ನಿಸುವುದಿಲ್ಲ. ಪಕ್ಕದ ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಗೆ ಸಿಕ್ಕವರು ಸುಮಾರು 50 ಲಕ್ಷ. 1881ಕ್ಕೆ ಸುಮಾರು 42 ಲಕ್ಷ.

ಹಾಗಾದರೆ ಕ್ಯಾಮೆರಾ ಇರಲಿಲ್ಲವೇ? ಇತ್ತು, ಈ ಬರದ ಫೋಟೋಗಳೂ ಇವೆ. ಅಕ್ಷರದ ಜೊತೆ ಫೋಟೋವನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಆಗ ಇರಲಿಲ್ಲ, ಅಷ್ಟೆ. 1880ರ ದಶಕದಲ್ಲಿ ಹಾಫ್‌ಟೋನ್ ಬಂತು. ಗೆರೆ ಕೊರೆದ ಗಾಜಿನ ಮೂಲಕ ಫೋಟೋ ಹಾಯಿಸಿ ಚುಕ್ಕಿಗಳಾಗಿ ಒಡೆಯುವ ವಿದ್ಯೆ ಅದು. ಆ ಗಾಜಿನ ಮೇಲಿದ್ದದ್ದೂ ಒಂದನ್ನೊಂದು ದಾಟುವ ಗೆರೆಗಳೇ. ಮರ ಕೆತ್ತುತ್ತಿದ್ದವರ ಕೆಲಸ ಮಾತ್ರ ಹೋಯಿತು.