ಅಭಿಮಾನಿಯ ಕಾಮೆಂಟು, ಸಂಘದ ನಿಷೇಧ, ಮೀಟರಿನ ತೀರ್ಪು: ಸೀರಿಯಲ್ ಜಗಳಗಳಲ್ಲಿ ನಿಜವಾಗಿ ತೀರ್ಮಾನ ಮಾಡೋದು ಯಾರು?

2022ರ ಆಗಸ್ಟ್. ಜೀ ಕನ್ನಡದ ‘ಜೊತೆ ಜೊತೆಯಲಿ’ ಧಾರಾವಾಹಿಯಿಂದ ನಾಯಕ ನಟ ಅನಿರುದ್ಧ್ ಜತಕರ್ ಅವರನ್ನು ಕೈಬಿಡಲಾಯಿತು. ಸೆಟ್‌ನಲ್ಲಿ ಸಹಕಾರ ಇಲ್ಲ, ದೃಶ್ಯಗಳ ಬಗ್ಗೆ ತಕರಾರು, ಚಿತ್ರೀಕರಣ ಬಿಟ್ಟು ಹೊರಟುಹೋದರು ಅನ್ನೋದು ಆರೂರು ಜಗದೀಶ್ ಅವರ ತಂಡದ ದೂರು. ಅನಿರುದ್ಧ್ ಅದನ್ನು ಒಪ್ಪಲಿಲ್ಲ. ಇಷ್ಟೇ ಆಗಿದ್ದರೆ ಎರಡು ದಿನದ ಸುದ್ದಿ. ಆದರೆ ಕಿರುತೆರೆ ನಿರ್ಮಾಪಕರು ಸುದ್ದಿಗೋಷ್ಠಿ ಕರೆದು, ಇನ್ನು ಎರಡು ವರ್ಷ ಅವರನ್ನು ಯಾರೂ ಹಾಕಿಕೊಳ್ಳುವುದಿಲ್ಲ ಎಂದರು. ಅಲ್ಲಿಂದ ಜಗಳ ಸೆಟ್ ದಾಟಿ ಫೇಸ್‌ಬುಕ್‌ಗೆ ಬಂತು.

2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ಆ ಸೀರಿಯಲ್‌ಗೆ ಮಧ್ಯವಯಸ್ಸಿನ ಆರ್ಯವರ್ಧನ್ ಪಾತ್ರವೇ ಬೆನ್ನೆಲುಬಾಗಿತ್ತು. ಅವರಿಲ್ಲದಿದ್ದರೆ ನಾವು ನೋಡಲ್ಲ ಅನ್ನೋ ಅರ್ಥದ ಕಾಮೆಂಟುಗಳು ಚಾನೆಲ್‌ನ ಪ್ರತಿ ಪ್ರೋಮೋದ ಕೆಳಗೆ ಸುರಿದವು. ಚಾನೆಲ್ ಹಿಂದೆ ಸರಿಯಲಿಲ್ಲ. ಕಥೆಯನ್ನೇ ತಿರುಗಿಸಿ ಹರೀಶ್ ರಾಜ್ ಅವರನ್ನು ತಂದರು, ಧಾರಾವಾಹಿ 2023ರ ಮೇವರೆಗೂ ನಡೆಯಿತು. ಅನಿರುದ್ಧ್‌ಗೆ ಎಸ್. ನಾರಾಯಣ್ ಅವರ ‘ಸೂರ್ಯವಂಶ’ದಲ್ಲಿ ಅವಕಾಶ ಸಿಕ್ಕಾಗ ಮತ್ತೆ ವಿರೋಧ ಬಂತು. ಮಾತುಕತೆಯಾಗಿ ಅದು ತಣ್ಣಗಾದ ಮೇಲೆ ಅವರು ಉದಯ ಟಿವಿಯಲ್ಲಿ ಕಾಣಿಸಿಕೊಂಡರು.

ಸೆಟ್‌ನಲ್ಲಿ ತಪ್ಪು ಯಾರದ್ದು ಅಂತ ಹೊರಗಿನಿಂದ ಹೇಳೋಕಾಗಲ್ಲ. ದಿನಕ್ಕೊಂದು ಎಪಿಸೋಡ್ ಕೊಡಬೇಕಾದ ತಂಡಕ್ಕೆ ಒಂದು ದಿನದ ಶೂಟಿಂಗ್ ನಿಂತರೆ ಆಗುವ ನಷ್ಟ ಸಣ್ಣದಲ್ಲ. ಲೈಟ್ ಹಿಡಿಯುವವರಿಂದ ಹಿಡಿದು ಮೇಕಪ್ ಮಾಡುವವರವರೆಗೆ ಎಲ್ಲರ ದಿನಗೂಲಿ ಅದರಲ್ಲೇ ಇರುತ್ತದೆ. ಪ್ರಶ್ನೆ ಬೇರೆ. ನೋಡುಗರು ಅಷ್ಟೊಂದು ಕೂಗಿದರೂ ಅದು ಯಾಕೆ ಎಲ್ಲೂ ಲೆಕ್ಕಕ್ಕೆ ಬರಲಿಲ್ಲ? ಉದ್ಯಮದ ಮೊದಲ ಪ್ರತಿಕ್ರಿಯೆ ನಿಷೇಧದ ರೂಪದಲ್ಲೇ ಯಾಕೆ ಬಂತು?

ಮೀಟರ್ ಇರುವ ಮನೆ

ಚಾನೆಲ್‌ಗೆ ಮುಖ್ಯವಾದ ಲೆಕ್ಕ ಟಿಆರ್‌ಪಿ. ಅದನ್ನು ಅಳೆಯುವುದು ಬಾರ್ಕ್ ಎಂಬ ಸಂಸ್ಥೆ. ದೇಶದಲ್ಲಿ ಟಿವಿ ಇರುವ ಮನೆಗಳು 21 ಕೋಟಿ ಎಂದು 2020ರಲ್ಲಿ ಅದೇ ಸಂಸ್ಥೆ ಅಂದಾಜಿಸಿತ್ತು. ಮೀಟರ್ ಇರುವುದು ಮಾತ್ರ ಕೆಲವೇ ಹತ್ತು ಸಾವಿರ ಮನೆಗಳಲ್ಲಿ, ಅವು ಯಾವುವು ಅನ್ನೋದು ಗುಟ್ಟು. ದೇವನಹಳ್ಳಿಯಲ್ಲೋ ನೆಲಮಂಗಲದಲ್ಲೋ ಇರುವ ನಿಮ್ಮ ಮನೆಯಲ್ಲಿ ಅದು ಇಲ್ಲ ಅಂದರೆ, ನೀವು ಸೀರಿಯಲ್ ಬಿಟ್ಟಿರಿ ಅನ್ನೋದು ಯಾರಿಗೂ ಗೊತ್ತಾಗೋದೇ ಇಲ್ಲ. ಗೊತ್ತಾಗೋದು ನಿಮ್ಮ ಕಾಮೆಂಟಿನಿಂದ ಮಾತ್ರ. ಅಲ್ಲೂ ಒಂದು ತಮಾಷೆ ಇದೆ. ಬೈಗುಳವೂ ಎಂಗೇಜ್‌ಮೆಂಟೇ. ಕಲರ್ಸ್ ಕನ್ನಡದ ‘ಪುಟ್ಟಗೌರಿ ಮದುವೆ’ಯ ಕಾಡು, ಬೆಟ್ಟದ ದೃಶ್ಯಗಳನ್ನು ಟ್ರೋಲ್ ಪೇಜುಗಳು ಎಷ್ಟು ಗೇಲಿ ಮಾಡಿದವು ನೆನಪಿದೆಯಲ್ಲ? ಸೀರಿಯಲ್ ನೋಡದ ಹುಡುಗರಿಗೂ ಆಗ ಪುಟ್ಟಗೌರಿ ಯಾರು ಅಂತ ಗೊತ್ತಾಯಿತು.

ಹೀಗಾಗಿ ಜಗಳ ಮೇಲ್ನೋಟಕ್ಕೆ ಅಭಿಮಾನಿಗೂ ನಿರ್ದೇಶಕರಿಗೂ ನಡುವಿನದು. ತೀರ್ಮಾನ ಮಾಡುವ ಚಾನೆಲ್ ಮಾತ್ರ ಮಾತಾಡದೆ ಪಕ್ಕದಲ್ಲಿ ಕೂತಿರುತ್ತದೆ. ದಿನಾ ಬೈಸಿಕೊಳ್ಳೋರು ಸಂಭಾಷಣೆ ಬರೆಯುವವರು ಮತ್ತು ಕಲಾವಿದರು.

ದೊಡ್ಡಬಳ್ಳಾಪುರದಲ್ಲಿ ಹುಟ್ಟಿದ ಟಿ.ಎನ್. ಸೀತಾರಾಮ್ ಇದನ್ನು ಬೇರೆ ಥರ ನಿಭಾಯಿಸಿದವರು. 1998ರಲ್ಲಿ ದೂರದರ್ಶನಕ್ಕೆ ‘ಮಾಯಾಮೃಗ’ ಕೊಟ್ಟವರು, ‘ಮುಕ್ತ ಮುಕ್ತ’ದ ಕಾಲದಲ್ಲಿ ಊರೂರಿಗೆ ಹೋಗಿ ನೋಡುಗರ ಜೊತೆ ಸಂವಾದ ನಡೆಸುತ್ತಿದ್ದರು. ಜನ ಎದ್ದು ನಿಂತು ಪ್ರಶ್ನೆ ಕೇಳೋರು, ಎದುರಿಗೇ ಉತ್ತರ ಬರೋದು. ಆಮೇಲೆ ಆ ಮಾತುಕತೆ ಫೇಸ್‌ಬುಕ್‌ಗೆ ಸ್ಥಳಾಂತರವಾಯಿತು. 2018ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ ‘ಮಗಳು ಜಾನಕಿ’ಗೆ ಆನ್‌ಲೈನ್‌ನಲ್ಲಿ ಗಟ್ಟಿ ಬಳಗವೇ ಇತ್ತು. ಆದರೂ 2020ರ ಲಾಕ್‌ಡೌನ್ ಹೊತ್ತಿಗೆ ಅದು ಅರ್ಧಕ್ಕೆ ನಿಂತಿತು. ಅಂದರೆ ನಿರ್ದೇಶಕ ಮತ್ತು ನೋಡುಗರು ಒಂದೇ ಕಡೆ ಇದ್ದಾಗಲೂ ಉಳಿಸಿಕೊಳ್ಳೋಕಾಗಲಿಲ್ಲ. ನನಗನ್ನಿಸುವಂತೆ ‘ಜೊತೆ ಜೊತೆಯಲಿ’ ಜಗಳಕ್ಕಿಂತ ಹೆಚ್ಚು ಕಲಿಸುವುದು ಇದೇ.

ನಿಷೇಧ ಹೊಸದೇನಲ್ಲ

ಸಂಘ ಕಟ್ಟಿಕೊಂಡು ಬಾಗಿಲು ಹಾಕುವ ರೂಢಿಗೆ ಕನ್ನಡದಲ್ಲಿ ಹಳೆಯ ಹೆಸರು ಡಬ್ಬಿಂಗ್ ವಿರೋಧ. 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ತಮಿಳು, ತೆಲುಗು, ಮಲಯಾಳಂನಲ್ಲಿ ಬಂತು, ಕನ್ನಡದಲ್ಲಿ ಬರಲಿಲ್ಲ. ನಮ್ಮ ಭಾಷೆಯಲ್ಲಿ ನೋಡೋಕೆ ಬಿಡದಿರಲು ನೀವ್ಯಾರು ಅಂತ ನೋಡುಗರು ಆನ್‌ಲೈನ್‌ನಲ್ಲಿ ಕೇಳತೊಡಗಿದರು. ಕನ್ನಡ ಗ್ರಾಹಕರ ಕೂಟ ಭಾರತೀಯ ಸ್ಪರ್ಧಾ ಆಯೋಗದ ಮೊರೆ ಹೋಯಿತು. 2015ರ ಜುಲೈ 27ರಂದು ಆದೇಶ ಬಂತು: ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ಸುಮಾರು 16.82 ಲಕ್ಷ, ಕರ್ನಾಟಕ ಟೆಲಿವಿಷನ್ ಅಸೋಸಿಯೇಷನ್‌ಗೆ 1.74 ಲಕ್ಷ, ಚಲನಚಿತ್ರ ನಿರ್ಮಾಪಕರ ಸಂಘಕ್ಕೆ 1.68 ಲಕ್ಷ ರೂಪಾಯಿ ದಂಡ. 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ, ಬಂಗಾಳಿಗೆ ಡಬ್ ಆದ ‘ಮಹಾಭಾರತ’ ಸೀರಿಯಲ್ ತಡೆಯಲು ಹೊರಟ ಕಲಾವಿದರ ಒಕ್ಕೂಟದ ವಿರುದ್ಧವೇ ತೀರ್ಪು ಕೊಟ್ಟಿತು.

ಡಬ್ಬಿಂಗ್ ಬಂದರೆ ಇಲ್ಲಿನ ಕೆಲಸ ಹೋಗುತ್ತದೆ ಅನ್ನೋ ಕಾರ್ಮಿಕರ ಭಯ ಸುಳ್ಳಲ್ಲ. ಒಬ್ಬ ನಟನನ್ನು ಹೊರಗಿಡುವುದೂ ಡಬ್ಬಿಂಗ್ ತಡೆಯುವುದೂ ಕಾನೂನಿನ ಲೆಕ್ಕದಲ್ಲಿ ಒಂದೇ ಅಂತಲೂ ಹೇಳಲಾಗದು. ಆದರೆ ದಾರಿ ಒಂದೇ: ವಾದ ಮಾಡುವ ಬದಲು ಎಲ್ಲರೂ ಸೇರಿ ಬಾಗಿಲು ಮುಚ್ಚುವುದು.

ಆಮೇಲೆ ನಡೆದದ್ದು ಯಾರೂ ಎಣಿಸದ್ದು. 2020ರ ಜುಲೈನಲ್ಲಿ ಜೀ ಕನ್ನಡ ಅಂಬೇಡ್ಕರ್ ಜೀವನದ ಹಿಂದಿ ಧಾರಾವಾಹಿಯನ್ನು ಡಬ್ ಮಾಡಿ ‘ಮಹಾನಾಯಕ’ ಎಂದು ಪ್ರಸಾರ ಮಾಡಿತು. ಹಳ್ಳಿ ಹಳ್ಳಿಯಲ್ಲಿ ಜನ ಸ್ವಂತ ದುಡ್ಡಿನಲ್ಲಿ ಫ್ಲೆಕ್ಸ್ ಕಟ್ಟಿದರು. ಒಂದು ಸೀರಿಯಲ್‌ಗೆ, ಅದೂ ಡಬ್ಬಿಂಗ್ ಸೀರಿಯಲ್‌ಗೆ! ಪ್ರಸಾರ ನಿಲ್ಲಿಸುವಂತೆ ಬೆದರಿಕೆ ಕರೆಗಳು ಬರುತ್ತಿವೆ ಎಂದು ಚಾನೆಲ್ ಮುಖ್ಯಸ್ಥ ರಾಘವೇಂದ್ರ ಹುಣಸೂರು ಆ ಸೆಪ್ಟೆಂಬರ್‌ನಲ್ಲಿ ಟ್ವೀಟ್ ಮಾಡಿದಾಗ ಅವರ ಬೆನ್ನಿಗೆ ನಿಂತದ್ದೂ ಇದೇ ಸೋಶಿಯಲ್ ಮೀಡಿಯಾ. ಧಾರಾವಾಹಿ ನಿಲ್ಲಲಿಲ್ಲ. ನೋಡುಗರನ್ನು ಬರೀ ಟ್ರೋಲ್ ಪಡೆ ಅಂತ ತಳ್ಳಿಹಾಕುವವರು ಈ ಪ್ರಕರಣವನ್ನು ಮರೆಯುತ್ತಾರೆ.

ಟೀಕೆ ಎಲ್ಲಿ ಮುಗಿಯುತ್ತದೆ?

ಹಾಗಂತ ಅಭಿಮಾನಿಗಳೆಲ್ಲ ಪಾಪದವರು ಅಂತಲ್ಲ. 2025ರ ಜುಲೈ 28ರಂದು ನಟಿ ರಮ್ಯಾ 43 ಖಾತೆಗಳ ವಿರುದ್ಧ ಬೆಂಗಳೂರು ಪೊಲೀಸ್ ಆಯುಕ್ತರಿಗೆ ದೂರು ಕೊಟ್ಟರು. ದರ್ಶನ್ ಅಭಿಮಾನಿಗಳೆಂದು ಹೇಳಿಕೊಂಡವರಿಂದ ಬಂದ ಅಶ್ಲೀಲ ಸಂದೇಶಗಳ ಮೇಲೆ, ಹಲವರ ಬಂಧನವೂ ಆಯಿತು. ಅದು ಸಿನಿಮಾದ ಜಗಳ, ನಿಜ. ಕಿರುತೆರೆಯಲ್ಲಿ ಖಳನಾಯಕಿ ಪಾತ್ರ ಮಾಡುವ ಹೆಣ್ಣುಮಕ್ಕಳ ಇನ್‌ಬಾಕ್ಸ್ ಇದಕ್ಕಿಂತ ಚೆನ್ನಾಗಿರುತ್ತದೆ ಅಂದುಕೊಳ್ಳಬೇಡಿ.

ಕಾನೂನು ಇಲ್ಲಿ ಅಷ್ಟೇನೂ ಗೊಂದಲದ್ದಲ್ಲ. ಕಥೆ ಕೆಟ್ಟದಾಗಿದೆ, ನಟನೆ ಸರಿಯಿಲ್ಲ, ಈ ದೃಶ್ಯ ಜಾತಿ ಅವಹೇಳನ ಮಾಡುತ್ತೆ ಅಂತ ಬರೆಯುವುದು ಅಪರಾಧವಲ್ಲ. ಕಿರಿಕಿರಿ ಆಯಿತು ಅನ್ನೋ ಕಾರಣಕ್ಕೇ ಪೋಸ್ಟ್ ಹಾಕಿದವರನ್ನು ಒಳಗೆ ಹಾಕಲು ಬಳಕೆಯಾಗುತ್ತಿದ್ದ ಐಟಿ ಕಾಯ್ದೆಯ 66ಎ ಕಲಂ 2015ರ ಮಾರ್ಚ್ 24ರಂದೇ ರದ್ದಾಗಿದೆ. ಅಶ್ಲೀಲ ವಸ್ತು ಹರಿಬಿಟ್ಟರೆ ಅದೇ ಕಾಯ್ದೆಯ 67, ಬೇಡ ಅಂದರೂ ಒಬ್ಬ ಹೆಣ್ಣುಮಗಳ ಬೆನ್ನು ಬಿಡದೆ ಮೆಸೇಜ್ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 78, ಸುಳ್ಳು ಹೇಳಿ ಮಾನ ಕಳೆದರೆ 356.

ಇನ್ನೊಂದು ದಾರಿಯೂ ಇದೆ, ಬಳಸುವವರು ಕಡಿಮೆ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮಗಳ ಪ್ರಕಾರ ಪ್ರತಿ ಚಾನೆಲ್‌ಗೂ ಒಬ್ಬ ದೂರು ಅಧಿಕಾರಿ ಇರಬೇಕು, ಅವರ ವಿವರ ವೆಬ್‌ಸೈಟಿನಲ್ಲಿ ಕಾಣಬೇಕು. ದೂರು ತಲುಪಿದೆ ಎಂದು 24 ಗಂಟೆಯಲ್ಲಿ ಹೇಳಬೇಕು, 15 ದಿನದಲ್ಲಿ ಉತ್ತರ ಕೊಡಬೇಕು. ಉತ್ತರ ಸರಿಬರದಿದ್ದರೆ ಮುಂದಿನ 15 ದಿನದೊಳಗೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಮೇಲ್ಮನವಿ ಹಾಕಬಹುದು, ಅದು 60 ದಿನದಲ್ಲಿ ತೀರ್ಮಾನಿಸಬೇಕು. ಅದರಾಚೆ ಕೇಂದ್ರ ಸರ್ಕಾರದ ಸಮಿತಿ. ನಾಯಕನನ್ನು ವಾಪಸ್ ಕರೆತನ್ನಿ ಅಂತ ಇಲ್ಲಿ ಕೇಳೋಕಾಗಲ್ಲ. ಜಾತಿ ನಿಂದನೆ, ಹೆಣ್ಣಿನ ಅವಹೇಳನ, ಮೂಢನಂಬಿಕೆಗೆ ಕುಮ್ಮಕ್ಕು ಇಂಥ ಕಾರ್ಯಕ್ರಮ ಸಂಹಿತೆಯ ಉಲ್ಲಂಘನೆಗೆ ಮಾತ್ರ. ಬರೆಯುವಾಗ ಧಾರಾವಾಹಿಯ ಹೆಸರು, ಪ್ರಸಾರವಾದ ದಿನ, ಸಮಯ, ಯಾವ ದೃಶ್ಯ, ಯಾವ ಮಾತು ಎಲ್ಲವನ್ನೂ ನಮೂದಿಸಿ. ಕಳಿಸಿದ ಇಮೇಲ್ ಅಳಿಸಬೇಡಿ, ಮೇಲ್ಮನವಿಗೆ ಅದೇ ದಾಖಲೆ.