ಕೊಕ್ಕರೆಯ ವಿಳಾಸ

2000ದ ಮೇ 2ರಂದು ಅಮೆರಿಕ ಸರ್ಕಾರ ಜಿಪಿಎಸ್ ಸಂಕೇತಗಳಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಮರುದಿನ ಡೇವ್ ಅಲ್ಮರ್ ಎಂಬಾತ ಒರೆಗಾನ್‌ನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸಿದ. ಹುಡುಕಿದವರು ಅದರಿಂದ ಏನಾದರೂ ತೆಗೆದುಕೊಂಡು, ಬದಲಿಗೆ ಏನಾದರೂ ಇಟ್ಟುಬರಬೇಕು. ಜಿಯೋಕ್ಯಾಚಿಂಗ್ ಆಟ ಹುಟ್ಟಿದ್ದು ಹೀಗೆ.

ಅದರ ಹಿಂದಿನ ವರ್ಷ, 1999ರಲ್ಲಿ, ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಲ್ಲಿ ಗೂಡು ಕಟ್ಟುವ ಹಕ್ಕಿಗಳ ವಿಷಯ ಹೊರಗಿನವರಿಗೆ ಗೊತ್ತಾಯಿತು. ಊರಿನವರಿಗೆ ಅದು ಹೊಸತಲ್ಲ. ಪುಸ್ತಕಗಳು ಬಣ್ಣದ ಕೊಕ್ಕರೆ, ಬೂದು ಬಕ ಎಂದು ಬೇರ್ಪಡಿಸುವ ಹಕ್ಕಿಗಳಿಗೆಲ್ಲ ಆಡುಮಾತಿನಲ್ಲಿ ಕೊಕ್ಕರೆ ಎಂಬ ಒಂದೇ ಹೆಸರು ಸಾಕು.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಸ್ಥಳನಾಮಗಳನ್ನು ಓದುವ ನನಗೆ ಇದು ಮುಖ್ಯ. ಮದ್ದೂರು ತಾಲ್ಲೂಕಿನ ಬೆಳ್ಳೂರಿಗೆ ಹಕ್ಕಿಯ ಹೆಸರೇ ಅಂಟಿಕೊಂಡು ಅದು ಕೊಕ್ಕರೆ ಬೆಳ್ಳೂರಾಯಿತು. ಕಗ್ಗಲಡುವಿನ ಹೆಸರಿನಲ್ಲಿ ಕೊಕ್ಕರೆ ಇಲ್ಲ, ಮರದ ಮೇಲೆ ಇದೆ. ಹೆಸರಿನಲ್ಲಿಲ್ಲದ್ದು ನೆಲದಲ್ಲೂ ಇರಲಿಲ್ಲ ಎಂದು ಇತಿಹಾಸ ಬರೆಯುವವರು ತೀರ್ಮಾನಿಸಬಾರದು. ಹಾಗೆಯೇ ಗುಬ್ಬಿ ಎಂಬ ಊರಿದ್ದ ಮಾತ್ರಕ್ಕೆ ಆ ಹೆಸರು ಗುಬ್ಬಚ್ಚಿಯಿಂದಲೇ ಬಂತೆನ್ನಲೂ ಆಗದು. ಹೆಸರು ಎಲ್ಲಿ ಹುಡುಕಬೇಕೆಂಬುದನ್ನು ಸೂಚಿಸುತ್ತದೆ, ಸಾಕ್ಷಿಯನ್ನು ಬೇರೆಡೆ ಅರಸಬೇಕು.

ಅಕ್ಷಾಂಶ ರೇಖಾಂಶಗಳಿಗೆ ಈ ಗೊಂದಲವಿಲ್ಲ. ಅವು ನೇರವಾಗಿ ಮರದ ಬುಡಕ್ಕೇ ಕರೆದೊಯ್ಯುತ್ತವೆ. ಅಪಾಯವೂ ಅಲ್ಲಿಯೇ. ಗೂಡಿನ ಕಾಲದಲ್ಲಿ ಜನ ಗುಂಪುಗೂಡಿದರೆ ತಾಯಿಹಕ್ಕಿ ಎದ್ದು ಹಾರುತ್ತದೆ. ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗೂ ಸಿಗುತ್ತವೆ. ಆ ಮರಗಳಿಗೆ ಬೇಲಿಯಾಗಿರುವುದು ಊರಿನವರ ಸಹನೆ. ಹಿಕ್ಕೆಯ ವಾಸನೆ, ಹುಣಸೆಹಣ್ಣಿನ ನಷ್ಟ ಎಲ್ಲವೂ ಅವರ ಪಾಲಿನದು. ಕೊಕ್ಕರೆ ಬೆಳ್ಳೂರಿನಲ್ಲಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಏರ್ಪಾಡು ಮಾಡಿದ್ದು ಇದೇ ಕಾರಣಕ್ಕೆ.

ಹಾಗೆಂದು ಆಟವೇ ಬೇಡವೆನ್ನುವುದಿಲ್ಲ. ಜಾಗದ ಒಡೆಯರ ಒಪ್ಪಿಗೆ ಪಡೆಯಬೇಕೆಂಬುದು ಜಿಯೋಕ್ಯಾಚಿಂಗ್‌ನದೇ ನಿಯಮ. ಪೆಟ್ಟಿಗೆಯನ್ನೇ ಇಡದೆ, ಸ್ಥಳಕ್ಕೆ ಹೋಗಿ ಒಂದು ಪ್ರಶ್ನೆಗೆ ಉತ್ತರ ತರುವ ಬಗೆಯೂ ಅದರಲ್ಲಿದೆ. ನಮ್ಮ ಹಳ್ಳಿಗಳಿಗೆ, ಗುಂಡುತೋಪುಗಳಿಗೆ ಆ ಬಗೆಯೇ ಹೊಂದುತ್ತದೆ. ಗೂಡುಗಳಿಂದ ದೂರ, ಊರ ಅರಳಿಕಟ್ಟೆಗೆ ದಾರಿ ತೋರಿಸಿ. ಪ್ರಶ್ನೆ ಇಷ್ಟೇ ಇರಲಿ: ಈ ಹಕ್ಕಿಯನ್ನು ಇಲ್ಲಿ ಏನೆಂದು ಕರೆಯುತ್ತಾರೆ? ಉತ್ತರ ಬೇಕಾದರೆ ಕಟ್ಟೆಯ ಮೇಲೆ ಕೂತ ಅಜ್ಜನನ್ನು ಮಾತಾಡಿಸಲೇಬೇಕು. ಯಾವ ಶಾಸನದಲ್ಲೂ ಸಿಗದ ಹೆಸರೊಂದು ಹಾಗೆ ಬರಹಕ್ಕೆ ಬಂದರೆ, ನಮ್ಮಂಥ ಸಂಶೋಧಕರಿಗೆ ಅದೇ ನಿಧಿ.